ಎದುರು ಪೆಟ್ಟಿಗೆ, ಒಳಪೆಟ್ಟಿಗೆ

"ಅಲ್ಲಾ, ಇರೋದೊಂದು ಆಫೀಸು, ಅದಕ್ಕೆ ಈ ಪೆಟ್ಟಿಗೆ ಎರಡೆರಡು ಯಾಕೆ ಬೇಕು?"

ನಮ್ಮ ಪಾತ್ರೆ-ಶಾಮಿಯಾನ ಸಂಘದ ಅಧ್ಯಕ್ಷ ಉಗ್ರಪ್ಪನವರು ಈ ಮಾತನ್ನು ಯಾರ ಮುಖವನ್ನೂ ನೋಡದೆ ಕೇಳಿಬಿಟ್ಟರು. ಕೇಳಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡರು, ಆದರೆ ಕೆಲಸ ಕೆಟ್ಟಾಗಿತ್ತು. ಪ್ರಶ್ನೆ ಫ್ಯಾನಿನ ಸುತ್ತ ಒಂದು ಸುತ್ತು ಹೋಗಿ, ಕಿಟಕಿಯ ಸರಳಿನ ಮೇಲೆ ಕೂರಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಅವರ ಕರಿಟೋಪಿಯ ಮೇಲೆಯೇ ಬಂದು ಕೂತಿತು. ಟೋಪಿ ಎಡಹುಬ್ಬಿನವರೆಗೆ ಜಾರಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದ, ಅವರದೇ ದನಿಯಲ್ಲಿ, ಮೆಲ್ಲಗೆ, "ಎರಡೆರಡು ಯಾಕೆ ಬೇಕು?" ಎಂದು ಕೇಳಿಸಿತು.

ನಮ್ಮೂರಿಗೆ ಸೊಸೆಯಾಗಿ ಬಂದವಳಿಗೆ ಒಲೆ ತೋರಿಸುವುದಕ್ಕೂ ಮೊದಲು ಹೇಳಿಕೊಡುವ ಪಾಠ ಇದೇ: ಯಾರೂ ಎದುರಿಗಿಲ್ಲದೆ ಏನನ್ನೂ ಕೇಳಬೇಡಮ್ಮ, ಕೇಳಲೇಬೇಕಾದರೆ ಕಂಬವನ್ನೋ ಹೊಸಿಲನ್ನೋ ಹೆಸರು ಹಿಡಿದು ಕರೆದು ಕೇಳು. ಹಾಗಾಗಿ ನಮ್ಮಲ್ಲಿ ಗಂಡಸರು "ಕಂಬವೇ, ಚಪ್ಪಲಿ ಎಲ್ಲಿ ಬಿಟ್ಟೆ?" ಎನ್ನುತ್ತಾರೆ, ಹೆಂಗಸರು "ಹಾಲಿನ ಪಾತ್ರೆಯೇ, ಗ್ಯಾಸು ಆರಿಸಿದೆನೋ ಇಲ್ಲವೋ?" ಎನ್ನುತ್ತಾರೆ. ಕಂಬಕ್ಕೆ ಉತ್ತರ ಗೊತ್ತಿರಬೇಕೆಂದೇನಿಲ್ಲ, ಕೇಳಿಸಿಕೊಳ್ಳಲು ಒಬ್ಬರು ಇದ್ದರೆ ಸಾಕು, ಪ್ರಶ್ನೆ ಸಮಾಧಾನವಾಗಿ ಹೋಗುತ್ತದೆ. ಮೈಮರೆತು ಗಾಳಿಗೆ ಕೇಳಿದ್ದು ಮಾತ್ರ ಹೋಗುವುದಿಲ್ಲ. ಕೇಳಿದವರಿಗೆ ಮನಸ್ಸಿಗೆ ಹತ್ತುವಂಥ ಉತ್ತರ ಸಿಗುವವರೆಗೂ ಎಲ್ಲಾದರೂ ಕೂತಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಕೂತಲ್ಲಿ ಸಣ್ಣ ಭಾರವಿರುತ್ತದೆ. ಬಟ್ಟೆ ಒಣಹಾಕುವ ತಂತಿಯಾದರೆ ಜೋಲುತ್ತದೆ. ಊರಿನ ಎಷ್ಟೋ ಅಡುಗೆಮನೆಗಳ ಅಟ್ಟದ ಮೇಲೆ "ಯಾಕಾದರೂ ಈ ಮನೆ ಸೇರಿದೆನೋ?" ಎಂಬುದೊಂದು ಕೂತಿದೆ. ಹಬ್ಬಕ್ಕೆ ಧೂಳು ಹೊಡೆಯುವಾಗ ಅದನ್ನು ಎಬ್ಬಿಸದೆ ಸುತ್ತಲೂ ಒರೆಸಿ ಬರುವುದು ನಮ್ಮ ಹೆಂಗಸರಿಗೆ ಅಭ್ಯಾಸವಾಗಿಹೋಗಿದೆ.

ನಮ್ಮ ಮನೆಯಲ್ಲಿ ಮಾತ್ರ ಅಂಥದ್ದು ಒಂದೂ ಇರಲಿಲ್ಲ. ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ ಅಚ್ಯುತಯ್ಯ. ಪ್ರತಿ ಶನಿವಾರ ಸಂಜೆ ಭಜನೆ ಮಂದಿರದಲ್ಲಿ ನಮ್ಮಪ್ಪ ಷಟ್ಪದಿ ಓದುತ್ತಿದ್ದರು, ಚಿಕ್ಕಪ್ಪ ಅರ್ಥ ಹೇಳುತ್ತಿದ್ದರು. ಅಪ್ಪ ಓದಿದರೆ ಪದ್ಯ ಬರೆದಿಟ್ಟ ಹಾಗೇ ಬರುತ್ತಿತ್ತು. ಕೇಳುವವರು ಪಂಡಿತರಾದರೂ ಅಷ್ಟೇ, ಎಮ್ಮೆ ಕಟ್ಟಿ ಬಂದವರಾದರೂ ಅಷ್ಟೇ, ಒಂದಕ್ಷರ ಹೆಚ್ಚಿಲ್ಲ, ಒಂದು ಮಾತ್ರೆ ಕಡಿಮೆಯಿಲ್ಲ. ಚಿಕ್ಕಪ್ಪ ಹಾಗಲ್ಲ. ಅವರು ಮೊದಲು ಎದುರಿಗೆ ಕೂತವರ ಮುಖ ನೋಡುತ್ತಿದ್ದರು. ಯುದ್ಧದ ಪದ್ಯವೇ ಆಗಲಿ, ಅತ್ತೆ-ಸೊಸೆ ಮುನಿಸಿಕೊಂಡು ಬೇರೆ ಬೇರೆ ಕಂಬಕ್ಕೆ ಒರಗಿದ್ದು ಕಂಡರೆ ಅರ್ಥ ಒಂದು ದಾರಿಯಲ್ಲಿ ಹೋಗುತ್ತಿತ್ತು. ಮಗನನ್ನು ಪರ ಊರಿನ ಶಾಲೆಗೆ ಬಿಟ್ಟು ಬಂದ ತಂದೆ ಕೂತಿದ್ದರೆ ಅದೇ ಪದ್ಯದ ಅರ್ಥ ಇನ್ನೊಂದು ದಾರಿಯಲ್ಲಿ. ಎರಡೂ ಸರಿಯಾಗೇ ಇರುತ್ತಿದ್ದವು. ಮನೆಯಲ್ಲಿ ಯಾರ ಬಾಯಿಂದ ಪ್ರಶ್ನೆ ಜಾರಿದರೂ ಹೀಗೇ ಮುಖ ನೋಡಿ, ಮನಸ್ಸಿಗೆ ಹತ್ತುವ ಉತ್ತರ ಹೇಳಿ ಕಳಿಸಿಬಿಡುತ್ತಿದ್ದರು.

ನಾನು ಹಿಂದಿನ ಕಂಬದ ಮರೆಯಲ್ಲಿ ಕೂತು ಕೇಳುತ್ತಿದ್ದೆ. ಹುಟ್ಟಿದಾಗಿನಿಂದ ಕೇಳಿ ಕೇಳಿ ಪದ್ಯಗಳೆಲ್ಲ ಬಾಯಿಗೆ ಬಂದಿದ್ದವು, ಬಾಯಿಂದ ಹೊರಗೆ ಮಾತ್ರ ಬಂದಿರಲಿಲ್ಲ. ಅಪ್ಪನ ದನಿ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿತ್ತು. "ನರಹರೀ, ಬಂದು ಪಕ್ಕದಲ್ಲಿ ಕೂತ್ಕೊಳ್ಳೋ, ನನ್ನ ಉಸಿರು ನಿಂತಲ್ಲಿ ನೀನು ಹಿಡ್ಕೊ" ಎಂದು ಅವರು ಕರೆಯುತ್ತಿದ್ದರು. ನಾನು ತಲೆಯಾಡಿಸಿ ಕಂಬಕ್ಕೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದೆ. "ಬಿಡಣ್ಣ, ಅವನದು ತುಟಿ ಓದುತ್ತೆ, ಬಾಯಿ ರಜಾ ಹಾಕಿದೆ" ಎಂದು ಚಿಕ್ಕಪ್ಪ ನಗುತ್ತಿದ್ದರು.

ಸಂಘದಲ್ಲಿ ನನ್ನ ಕೆಲಸ ಉಗ್ರಾಣದ್ದು. ಕೊಳದಪ್ಪಲೆ, ಹಂಡೆ, ಬಾಣಲೆ, ಜಾಲರಿ ಸೌಟು, ಚಾಪೆ, ಶಾಮಿಯಾನ, ಇವನ್ನು ಗಾಡಿಗೆ ಹಾಕಿಸಿ ಕಳಿಸುವುದು, ವಾಪಸು ಬಂದಾಗ ತಳ ಸೀದಿದೆಯೇ ನೋಡುವುದು. ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ಶಾಂಭವಿ ಮೇಡಂ. ಅವರ ಎರಡು ಪೆಟ್ಟಿಗೆಗಳಲ್ಲಿ ಒಂದು ಗಾಜಿನ ಬಾಗಿಲ ಹತ್ತಿರ ಹಸಿರು ದೀಪ ಮಿಣುಕಿಸುತ್ತ ಬಂದವರಿಗೆಲ್ಲ ಕಾಣುವಂತಿತ್ತು. ಇನ್ನೊಂದು ಒಳಕೋಣೆಯಲ್ಲಿ, ಹಳೆಯ ಜಮಖಾನಗಳ ಪಕ್ಕ, ಯಾರ ಕಣ್ಣಿಗೂ ಬೀಳದೆ ಸುಮ್ಮನೆ ಬಿಸಿಯಾಗುತ್ತಿತ್ತು. ಊರಿನವರು ಮನೆಯಲ್ಲೇ ಕೂತು ಫೋನಿನಲ್ಲಿ "ಗುರುವಾರಕ್ಕೆ ದೊಡ್ಡ ಕೊಳದಪ್ಪಲೆ ಸಿಗುತ್ತದೆಯೇ?" ಎಂದು ಒತ್ತುತ್ತಿದ್ದರು, ಉತ್ತರ ಬರುತ್ತಿತ್ತು. ಪ್ರಶ್ನೆಗೆ ಭಯಪಡುವ ಊರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಉಗ್ರಪ್ಪನವರ ಟೋಪಿಯ ಸಂಗತಿ ತಿಳಿದ ಕೂಡಲೇ ಮೇಡಂ ಸೆರಗು ಸಿಕ್ಕಿಸಿಕೊಂಡು ಉತ್ತರ ಹೇಳಲು ನಿಂತರು.

"ನೋಡಿ ಸಾರ್, ಎದುರಿಗಿರೋದು ವೆಬ್ ಸರ್ವರ್. ಅದರಲ್ಲಿ ಪುಟಗಳನ್ನ ಮಾಡಿಟ್ಟಿರ್ತೀವಿ. ಪಾತ್ರೆಗಳ ಫೋಟೋ, ಸಂಘದ ನಿಯಮ, ರಜಾ ದಿನ. ಯಾರು ಕೇಳಿದ್ರೂ ಇಟ್ಟಿರೋದನ್ನ ಇಟ್ಟ ಹಾಗೇ ಎತ್ತಿ ಕೊಡುತ್ತೆ. ಒಳಗಿರೋದು ಅಪ್ಲಿಕೇಶನ್ ಸರ್ವರ್. ಕೇಳಿದೋರು ಯಾರು, ಯಾವ ದಿನ, ಎಷ್ಟು ಜನಕ್ಕೆ ಊಟ, ಆವತ್ತು ಆ ಪಾತ್ರೆ ಬೇರೆ ಮನೆಗೆ ಹೋಗಿದೆಯಾ, ಎಲ್ಲಾ ನೋಡಿ ಅವರಿಗೇ ಅಂತ ಆಗಿಂದಾಗ್ಲೇ ಉತ್ತರ ತಯಾರು ಮಾಡುತ್ತೆ. ಎದುರಿಂದು ಅದನ್ನ ಒಳಗಿನಿಂದ ಈಸ್ಕೊಂಡು ಜನಕ್ಕೆ ದಾಟಿಸುತ್ತೆ."

"ಗೊತ್ತಾಯ್ತು, ಗೊತ್ತಾಯ್ತು" ಎಂದರು ಉಗ್ರಪ್ಪನವರು.

ಟೋಪಿ ಇನ್ನೊಂದಿಷ್ಟು ಜಾರಿ ಕಣ್ಣಿನ ಅಂಚಿಗೆ ಬಂತು.

"ನಿಮಗೆ ಗೊತ್ತಾಯ್ತೇನೋ ಸಾರ್, ಟೋಪಿಗೆ ಗೊತ್ತಾದ ಹಾಗಿಲ್ಲ" ಎಂದರು ಮೇಡಂ.

ನನಗೆ ಅವರ ಮಾತು ಕೇಳುತ್ತಿದ್ದಂತೆ ಮಂದಿರದಲ್ಲಿ ಅಪ್ಪ, ಚಿಕ್ಕಪ್ಪ ಕೂರುವ ಎರಡು ಮಣೆಗಳು ಕಣ್ಣ ಮುಂದೆ ಬಂದಿದ್ದವು. ಮಧ್ಯಾಹ್ನ ಉಗ್ರಪ್ಪನವರು ಒಬ್ಬರೇ ಸಿಕ್ಕಾಗ, "ನಮ್ಮಪ್ಪ ಓದ್ತಾರಲ್ಲ ಅಣ್ಣಾವ್ರೇ, ಅದು ಎದುರಿನ ಪೆಟ್ಟಿಗೆ. ಚಿಕ್ಕಪ್ಪ ಮುಖ ನೋಡಿ ಅರ್ಥ ಹೇಳ್ತಾರಲ್ಲ, ಅದು ಒಳಗಿಂದು" ಎಂದೆ.

ಅವರು ಟೋಪಿಯನ್ನು ಮೇಲೆತ್ತಿ ನನ್ನನ್ನು ನೋಡಿದರು. "ನಿಮ್ಮ ಚಿಕ್ಕಪ್ಪನೋರು ಅರ್ಥ ಬೇರೆ ಹೇಳ್ತಾರಾ? ನಾನು ಅವರು ನಿಮ್ಮಪ್ಪಂಗೆ ಬಿಸಿನೀರು ಕೊಡೋಕೆ ಕೂತಿರ್ತಾರೆ ಅನ್ಕೊಂಡಿದ್ದೆ."

ಅವರದೂ ತಪ್ಪಲ್ಲ. ಉಗ್ರಪ್ಪನವರು ತಪ್ಪದೆ ಮಂದಿರಕ್ಕೆ ಬರುವ ಭಕ್ತರು, ಆದರೆ ಮಂಗಳಾರತಿಯ ಗಂಟೆ ಕೇಳಿಸಿದ ಮೇಲೆ ಬರುವವರು. ಕೋಸಂಬರಿಯ ಹದದ ಬಗ್ಗೆ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ.

ಅವರಿಗೆ ಅವಸರವಿತ್ತು. ಸಂಘದ ವಾರ್ಷಿಕ ಸಭೆ ಹತ್ತಿರ ಬರುತ್ತಿತ್ತು, ಪ್ರಶ್ನೆ ಹೊತ್ತವರು ನಮ್ಮಲ್ಲಿ ವೇದಿಕೆ ಹತ್ತುವಂತಿಲ್ಲ. ಭಾಷಣದ ನಡುವೆ ಅದೂ ಮಾತಾಡಿದರೆ ಮರ್ಯಾದೆ ಉಳಿಯುತ್ತದೆಯೇ? ಎರಡು ದಿನ ಟೋಪಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಓಡಾಡಿದ ಅವರು ಮೂರನೆಯ ದಿನ ಮುಖ ಅರಳಿಸಿಕೊಂಡು ಬಂದರು.

"ಶಾಂಭವಮ್ಮ, ಒಂದನ್ನ ತೆಗೆದುಬಿಡಿ. ಎರಡೇ ಇಲ್ಲ ಅಂದ್ಮೇಲೆ ಎರಡು ಯಾಕೆ ಅನ್ನೋ ಮಾತೆಲ್ಲಿ ಬರುತ್ತೆ?"

"ಯಾವುದನ್ನ ಸಾರ್?"

"ಒಳಗಿಂದನ್ನೇ. ಬಂದೋರಿಗೆ ಕಾಣೋದು ಎದುರಿಂದು. ದೀಪ ಬೇರೆ ಉರೀತದೆ. ಒಳಗಿಂದು ಮೂಲೇಲಿ ಕೂತು ಕರೆಂಟು ತಿಂತದೆ, ಅಷ್ಟೆ. ಅಕ್ಕಿ ಗಿರಣಿಯೋರು ಒಂದು ಬೇಕು ಅಂತಿದ್ರು, ಸಭೆ ಮಾರನೇ ದಿನ ಕೊಟ್ಬಿಡೋಣ."

ಮೇಡಂ ಮುಖ ಸಣ್ಣದಾಯಿತು. ಯಾವ ಮನೆಯವರು ಈರುಳ್ಳಿ ಬೆಂದ ಪಾತ್ರೆ ಮುಟ್ಟುವುದಿಲ್ಲ, ಯಾವ ಅಜ್ಜಿಗೆ ಚಾಪೆಯ ಮೇಲೆ ಕೂರಲಾಗದೆ ಎತ್ತರದ ಮಣೆ ಬೇಕು, ಯಾವ ಓಣಿಯೊಳಗೆ ದೊಡ್ಡ ಗಾಡಿ ನುಗ್ಗುವುದಿಲ್ಲ, ಇದೆಲ್ಲವನ್ನೂ ಬೀದಿ ಬೀದಿ ಸುತ್ತಿ ಕೇಳಿಕೊಂಡು ಬಂದು ಒಳಪೆಟ್ಟಿಗೆಗೆ ಕಲಿಸಿದವರು ಅವರು. ಗಿರಣಿಗೆ ಹೋದರೆ ಅದೆಲ್ಲ ಅಳಿಸಿಹೋಗಿ ಅದು ನುಚ್ಚಕ್ಕಿಯ ಲೆಕ್ಕ ಇಡುತ್ತದೆ.

"ಎದುರಿಂದು ಇಟ್ಟಿದ್ದನ್ನ ಮಾತ್ರ ಕೊಡುತ್ತೆ ಸಾರ್. ಜನ ಕೇಳಿದ್ದಕ್ಕೆ ಏನು ಹೇಳ್ಬೇಕು ಅಂತ ಅದಕ್ಕೆ ತಿಳಿಯಲ್ಲ."

"ಹಂಗಾದ್ರೆ ಒಂದು ಒಳ್ಳೇ ಉತ್ತರ ಇಟ್ಬಿಡಿ. ಎಲ್ರಿಗೂ ಅದೇ ಹೋಗ್ಲಿ. ನಾನೇ ಹೇಳ್ತೀನಿ, ಬರ್ಕೊಳ್ಳಿ" ಎಂದು ಉಗ್ರಪ್ಪನವರು ಕಣ್ಣು ಮುಚ್ಚಿ, ಎದೆ ಉಬ್ಬಿಸಿ ಹೇಳಿದರು: "ನಿಮ್ಮ ಮನೆಯ ಶುಭಕಾರ್ಯಕ್ಕೆ ಸಂಘದ ಹಾರ್ದಿಕ ಶುಭಾಶಯಗಳು. ನಮ್ಮ ದೊಡ್ಡ ಸೆಟ್ ನಿಮ್ಮ ಬಾಗಿಲಿಗೆ ಬರುತ್ತದೆ."

ಹೇಳಿ ಟೋಪಿ ಮುಟ್ಟಿ ನೋಡಿಕೊಂಡರು. ಅದು ಇದ್ದಲ್ಲೇ ಇತ್ತು. "ಸ್ವಲ್ಪ ಹೊತ್ತು ಬೇಕು ಅದಕ್ಕೆ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಆವತ್ತೇ ಮೇಡಂ ಒಳಪೆಟ್ಟಿಗೆಯನ್ನು ಆರಿಸಿ, ಎದುರಿನದರಲ್ಲಿ ಆ ಮಾತನ್ನು ಇಟ್ಟರು. ಮದುವೆಯ ತಿಂಗಳಾದ್ದರಿಂದ ಮೊದಲ ಕೆಲವು ಮನೆಗಳಲ್ಲಿ ಸರಿಯಾಗೇ ನಡೆಯಿತು. ಆಮೇಲೆ ಮನೆ ಮಂದಿಯಷ್ಟೇ ಸೇರುವ ಒಂದು ನಾಮಕರಣಕ್ಕೆ ದೊಡ್ಡ ಸೆಟ್ ಹೋಯಿತು. ತೊಟ್ಟಿಲಿಗೆ ಜಾಗವಿಲ್ಲದೆ ಕೂಸನ್ನೇ ಕೊಳದಪ್ಪಲೆಯ ಒಳಗಿಟ್ಟು ಹೆಸರು ಕೂಗಿದರಂತೆ. ಒಂದೇ ದಿನಕ್ಕೆ ಕೇಳಿದ ಎರಡು ಮನೆಯವರಿಗೂ ಶುಭಾಶಯ ಹೋಗಿ, ನಡುಬೀದಿಯಲ್ಲಿ ಗಾಡಿ ನಿಲ್ಲಿಸಿ ಆ ಕಡೆಯವರು ಎತ್ತಿನ ಮೂಗುದಾರ ಹಿಡಿಯುವುದು, ಈ ಕಡೆಯವರು ಬಾಲ ಹಿಡಿಯುವುದು ನಡೆಯಿತು. ಎತ್ತು ಗೊಂದಲಕ್ಕೆ ಬಿದ್ದು ಅಲ್ಲೇ ಮಲಗಿತು.

ಇದಕ್ಕಿಂತ ವಿಚಿತ್ರವಾದದ್ದು ಸಂಘದ ಸೂರಿನ ಮೇಲೆ ಶುರುವಾಯಿತು. ಒಳಗೆ ಕೇಳಿಸಿಕೊಳ್ಳುವವರು ಯಾರೂ ಇಲ್ಲದಿದ್ದರಿಂದ ಊರಿನವರು ಫೋನಿನಲ್ಲಿ ಒತ್ತಿದ ಪ್ರಶ್ನೆಗಳು ಗಾಳಿಗೆ ಕೇಳಿದ ಲೆಕ್ಕಕ್ಕೆ ಬಂದವು. ಒಂದೊಂದಾಗಿ ಹಾರಿಬಂದು ಹೆಂಚಿನ ಮೇಲೆ ಸಾಲಾಗಿ ಕೂತವು. "ಬುಧವಾರಕ್ಕೆ ಹಂಡೆ ಸಿಗುತ್ತಾ?" "ಚಿಕ್ಕ ಬಾಣಲೆ ಸಾಕು, ಕೊಡ್ತೀರಾ?" "ಅಜ್ಜಿಗೆ ಮಣೆ ಇದೆಯಾ?" ಎಂದು ಸಂತೆಯ ಹಾಗೆ ಗದ್ದಲ. ತೊಲೆ ಕಿರುಗುಟ್ಟತೊಡಗಿತು. ಉಗ್ರಪ್ಪನವರು ತೊಲೆಗೊಂದು ಊರುಗೋಲು ಕೊಡಿಸಿದರು, ಒಳಪೆಟ್ಟಿಗೆಯನ್ನು ಮಾತ್ರ ಹಚ್ಚಿಸಲಿಲ್ಲ. ಸಭೆ ಆಗಲಿ, ಸಭೆ ಆಗಲಿ ಎನ್ನುತ್ತಿದ್ದರು.

ಆ ನಡುವೆ ನಮ್ಮಪ್ಪ ಹೋದರು. ಬೆಳಗಿನ ಕಾಫಿ ಕುಡಿದು, ಲೋಟ ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಯಾವುದೋ ಪದ್ಯವನ್ನು ಗುನುಗುತ್ತಿದ್ದರು. ಐದನೆಯ ಸಾಲಿನವರೆಗೆ ಬಂದದ್ದು ನನಗೆ ಕೇಳಿಸಿತು. ಆರನೆಯದಕ್ಕೆ ಕಾದೆ. ಬರಲಿಲ್ಲ.

ಆ ಶನಿವಾರ ಮಂದಿರದ ಬಾಗಿಲು ತೆರೆಯಲಿಲ್ಲ. ಮುಂದೆ ತೆರೆಯುತ್ತದೆಯೇ ಎಂದು ಊರಿನವರು ಒಬ್ಬರನ್ನೊಬ್ಬರು, ಎಚ್ಚರಿಕೆಯಿಂದ ಹೆಸರು ಹಿಡಿದೇ, ಕೇಳಿಕೊಳ್ಳುತ್ತಿದ್ದರು. ಆಮೇಲೆ ನನ್ನ ಕಡೆ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಓದಲು ಜನವಿಲ್ಲದೆ ನೂರು ವರ್ಷದ ಓದು ನಮ್ಮ ಮನೆಯಲ್ಲೇ ನಿಂತುಹೋಗುತ್ತದೆಯೇ ಎಂಬುದು ನನ್ನ ಎದೆಯ ಮೇಲೆ ಕೂತಿತ್ತು. ಅದನ್ನು ನಾನು ಗಾಳಿಗೂ ಕೇಳಿರಲಿಲ್ಲ, ಕಂಬಕ್ಕೂ ಕೇಳಿರಲಿಲ್ಲ.

ವೈಕುಂಠ ಸಮಾರಾಧನೆಗೆ ಪಾತ್ರೆ ಬೇಕಿತ್ತು. ಸೂತಕದಲ್ಲಿ ನಾನು ಉಗ್ರಾಣಕ್ಕೆ ಹೋಗುವಂತಿರಲಿಲ್ಲ. ಚಿಕ್ಕಪ್ಪ ತಾವೇ ಕನ್ನಡಕ ಏರಿಸಿ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: "ಅಣ್ಣನ ವೈಕುಂಠ ಸಮಾರಾಧನೆ. ಮಡಿ ಅಡುಗೆಗೆ ಪಾತ್ರೆ, ಬಿಳಿಯ ಚಪ್ಪರ ಬೇಕಾಗಿದೆ. ಸಿಗುತ್ತದೆಯೇ?"

ಒತ್ತಿದ್ದೇ ತಡ ಉತ್ತರ ಬಂತು. ಚಿಕ್ಕಪ್ಪ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. "ಏನಂತೆ?" ಎಂದೆ. "ಬರುತ್ತಂತೆ" ಎಂದಷ್ಟೇ ಹೇಳಿದರು.

ಬಂತು. ಸಮಾರಾಧನೆಯ ಬೆಳಿಗ್ಗೆ ನಾನು ಹಿತ್ತಲಿನಿಂದ ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಆಳುಗಳು ತಮಗೆ ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಮುಗಿಸಿ ಇನ್ನೊಂದು ಮನೆಗೆ ಹೊರಟುಹೋಗಿದ್ದರು. ಕೆಂಪು-ಹಳದಿ ಶಾಮಿಯಾನ, ಬಣ್ಣದ ದೀಪದ ಸರ. ಬಾಗಿಲಿಗೆ ಕಮಾನು, ಅದರ ಎರಡು ಕಡೆ ಕೊಕ್ಕಿಗೆ ಕೊಕ್ಕು ತಾಗಿಸಿದ ಗಿಳಿಗಳು, ನಡುವೆ ಚಿನ್ನದ ಬಣ್ಣದ ಅಕ್ಷರದಲ್ಲಿ "ನವದಂಪತಿಗಳಿಗೆ ಸುಸ್ವಾಗತ". ಕಮಾನಿನ ಕೆಳಗೆ ಮಖಮಲ್ಲಿನ ಎರಡು ಸಿಂಹಾಸನ.

ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಕಮಾನಿನ ಹೊರಗೇ ನಿಂತರು. ಒಳಗೆ ಬರಲು ಯಾರಿಗೂ ಕಾಲು ಬರಲಿಲ್ಲ. ಉಗ್ರಪ್ಪನವರೂ ಬಂದರು, ಟೋಪಿಯನ್ನು ಕೈಯಲ್ಲಿ ಒತ್ತಿ ಹಿಡಿದು. ತಲೆಯೆತ್ತಿ ಗಿಳಿಗಳನ್ನು ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಅವರ ಟೋಪಿ ಎಲ್ಲರಿಗೂ ಕೇಳುವ ಹಾಗೆ "ಎರಡೆರಡು ಯಾಕೆ ಬೇಕು?" ಎಂದಿತು.

"ಇಳಿಸ್ರೋ ಅದನ್ನ!" ಎಂದು ಉಗ್ರಪ್ಪನವರು ಕೂಗಿದರು. ಇಳಿಸುವವರು ಯಾರೂ ಇರಲಿಲ್ಲ. ತಾವೇ ಪಂಚೆ ಎತ್ತಿ ಕಟ್ಟಿ ಕಂಬ ಹತ್ತಲು ಹೋದರು.

"ಇರಲಿ ಬಿಡು ಉಗ್ರಪ್ಪ" ಎಂದು ಚಿಕ್ಕಪ್ಪ ಒಳಗಿನಿಂದ ಬಂದರು. ಕಮಾನಿನ ಕೆಳಗೆ ನಿಂತು, ಶನಿವಾರ ಪದ್ಯ ಮುಗಿದ ಮೇಲೆ ನೋಡುತ್ತಿದ್ದ ಹಾಗೆ, ಹೊರಗೆ ನಿಂತವರ ಮುಖಗಳನ್ನೆಲ್ಲ ಒಂದು ಸಲ ನೋಡಿದರು. ಆಮೇಲೆ ಆ ಅಕ್ಷರಗಳ ಕಡೆ ಬೆರಳು ತೋರಿಸಿದರು.

"ಏನು ತಪ್ಪಿದೆ ಇದರಲ್ಲಿ? ನಮ್ಮ ಅತ್ತಿಗೆ ಮುಂಚೇನೇ ಹೋದರು. ಅಲ್ಲೊಂದು ಮನೆ ಹಿಡಿದು, ಬಾಗಿಲಿಗೆ ರಂಗೋಲಿ ಹಾಕಿ, ದಿನಾ ದಾರಿ ನೋಡ್ತಿದ್ದರು. ಅಣ್ಣ ಮದುವೆ ದಿನವೂ ಛತ್ರಕ್ಕೆ ತಡವಾಗಿ ಹೋದೋನು. ಪದ್ಯ ಮುಗೀಲಿ ಅಂತಿದ್ದ. ಈಗ ಹೋಗಿ ತಲುಪಿದ. ಇಷ್ಟು ವರ್ಷ ಆದ್ಮೇಲೆ ಗಂಡ-ಹೆಂಡತಿ ಮತ್ತೆ ಮುಖ ನೋಡ್ತಿದಾರೆ ಅಂದ್ರೆ ಅವರು ನವದಂಪತಿಗಳಲ್ದೆ ಇನ್ನೇನು? ಬೋರ್ಡು ಕಟ್ಟಿರೋದು ಇಲ್ಲಿ, ಓದ್ಕೋಬೇಕಾದ್ದು ಅಲ್ಲಿ. ಬನ್ನಿ ಒಳಗೆ, ಎಲೆ ಹಾಕಿದೆ."

"ಮತ್ತೆ ಆ ಕುರ್ಚಿಗಳು, ಅಚ್ಯುತಯ್ಯನೋರೇ?" ಎಂದು ಎದುರು ಮನೆಯ ಅಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಲೇ ಕೇಳಿದರು.

"ಸರಿಯಾಗೇ ಬಂದಿದಾವಲ್ಲಮ್ಮ, ಎರಡು."

ಯಾರೋ ನಕ್ಕರು. ಆ ನಗು ಅಳುವಿನ ಪಕ್ಕದಲ್ಲೇ ಇತ್ತು. ನಾನು ಒಳಗೆ ಹೋಗಿ ಅಪ್ಪನ ಪಟವನ್ನೂ ಅಮ್ಮನ ಪಟವನ್ನೂ ತಂದು ಎರಡು ಸಿಂಹಾಸನದ ಮೇಲೆ ಇಟ್ಟೆ. ಗಿಳಿಗಳ ಕೆಳಗೆ ಅಪ್ಪ ಸ್ವಲ್ಪ ನಾಚಿಕೊಂಡ ಹಾಗೆ ಕಂಡರು. ಜನ ಒಳಗೆ ಬಂದರು.

ಉಗ್ರಪ್ಪನವರು ಮಾತ್ರ ಕಂಬ ಹಿಡಿದು ಅಲ್ಲೇ ನಿಂತಿದ್ದರು. ಕಮಾನನ್ನು ನೋಡಿದರು, ಚಿಕ್ಕಪ್ಪನನ್ನು ನೋಡಿದರು, ಮತ್ತೆ ಕಮಾನನ್ನು ನೋಡಿದರು.

"ಓದಿದ್ದು ಅದು, ಎದುರಿನ ಪೆಟ್ಟಿಗೆ" ಎಂದರು ನಿಧಾನವಾಗಿ. "ಯಾರ ಮನೆ, ಏನು ಕಾರ್ಯ ಅಂತ ನೋಡ್ದೆ, ಇದ್ದಿದ್ದು ಇದ್ದಂಗೆ ಓದ್ಬಿಡ್ತು. ನಿಂತಿರೋರ ಮುಖ ನೋಡಿ ಅರ್ಥ ಮಾಡಿಕೊಟ್ಟಿದ್ದು ನೀವು. ಇವತ್ತು ನೀವೊಬ್ರು ಒಳಗಿಂದ ಬರ್ದೇ ಹೋಗಿದ್ರೆ ನಾವೆಲ್ಲ ಬೀದೀಲೇ ನಿಂತಿರ್ತಿದ್ವಿ."

ಟೋಪಿ ಹಗುರಾಗಿ ಮೇಲೆ ನೆಗೆದು ನೆಟ್ಟಗೆ ಕೂತಿತು. ಉಗ್ರಪ್ಪನವರು ಮುಟ್ಟಿ ನೋಡಿಕೊಂಡರು, ತೆಗೆದು ಒಳಗೆಲ್ಲ ನೋಡಿದರು, ಮತ್ತೆ ಇಟ್ಟುಕೊಂಡರು. ಪಂಕ್ತಿಯಲ್ಲಿ ಕೂತಿದ್ದ ಶಾಂಭವಿ ಮೇಡಂ ಹತ್ತಿರ ಓಡಿದರು.

"ಶಾಂಭವಮ್ಮ, ಒಳಗಿಂದನ್ನ ಹಚ್ಚಿ. ಗಿರಣಿಯೋರಿಗೆ ಇಲ್ಲ ಅಂತ ನಾನು ಹೇಳ್ತೀನಿ. ಈಗ್ಲೇ ಹಚ್ಚಿ."

"ಪಾಯಸ ಬರ್ತಿದೆ ಸಾರ್. ಅದಾದ್ಮೇಲೆ" ಎಂದರು ಮೇಡಂ, ಎಲೆಯಿಂದ ತಲೆಯೆತ್ತದೆ.

ಸಂಜೆ ಒಳಪೆಟ್ಟಿಗೆ ಬಿಸಿಯಾಗುತ್ತಿದ್ದಂತೆ ಹೆಂಚಿನ ಮೇಲಿದ್ದವೆಲ್ಲ ಒಂದೊಂದಾಗಿ ಎದ್ದು ಹೋದವಂತೆ. ಊರುಗೋಲು ತಾನಾಗಿ ಸಡಿಲಗೊಂಡು ಬಿತ್ತಂತೆ. ಮರುದಿನ ನಮ್ಮ ಮನೆಗೆ, ಕೇಳದೆಯೇ, ಸಂಘದಿಂದ ಉತ್ತರ ಬಂತು: "ತಪ್ಪಾಯಿತು. ಬಿಳಿಯ ಚಪ್ಪರ ಉಗ್ರಾಣದಲ್ಲೇ ಇತ್ತು, ನಿಮಗೆ ಅದೇ ಬರಬೇಕಿತ್ತು." ಚಿಕ್ಕಪ್ಪ ಅದನ್ನು ಓದಿ, "ಒಳಗಿನವರು ಎದ್ದಿದಾರೆ" ಎಂದರು.

ಮುಂದಿನ ಶನಿವಾರ ಚಿಕ್ಕಪ್ಪ ಮಂದಿರದ ಬಾಗಿಲು ತೆಗೆಸಿದರು. ಎರಡು ಮಣೆ ಹಾಕಿದ್ದರು, ಒಂದರ ಮುಂದೆ ವ್ಯಾಸಪೀಠ, ಅದರ ಮೇಲೆ ಅಪ್ಪನ ಪುಸ್ತಕ. ಇನ್ನೊಂದರ ಮೇಲೆ ಚಿಕ್ಕಪ್ಪ ಕೂತರು. ನಾನು ನನ್ನ ಕಂಬದ ಹತ್ತಿರ ಹೋದೆ. ಅಲ್ಲಿ ಆಗಲೇ ಉಗ್ರಪ್ಪನವರು ಕೂತಿದ್ದರು! ಮಂಗಳಾರತಿಗೆ ಇನ್ನೂ ಎಷ್ಟೋ ಹೊತ್ತಿತ್ತು, ಕೋಸಂಬರಿಗೆ ಹೆಸರುಬೇಳೆ ಇನ್ನೂ ನೆನೆಯುತ್ತಿತ್ತು. ನನಗೆ ಜಾಗವಿಲ್ಲದೆ ಮುಂದೆ, ದೀಪದ ಹತ್ತಿರ ಕೂರಬೇಕಾಯಿತು.

ಖಾಲಿ ಮಣೆಯ ಕಡೆ ನೋಡದೆ ಇರಲು ಎಲ್ಲರೂ ಕಷ್ಟಪಡುತ್ತಿದ್ದರು. ಕೊನೆಗೆ ಉಗ್ರಪ್ಪನವರು ಎದ್ದು ನಿಂತು, ಟೋಪಿ ಸರಿಮಾಡಿಕೊಂಡು, ಈ ಸಲ ತಪ್ಪದೆ ಹೆಸರು ಹಿಡಿದು ಕೇಳಿದರು.

"ಅಚ್ಯುತಯ್ಯನೋರೇ, ನಿಮಗೂ ಆ ಪದ್ಯಗಳೆಲ್ಲ ಬರ್ತವೆ. ಅಣ್ಣೋರಂತೂ ಹೋದ್ರು. ಇನ್ಮೇಲೆ ನೀವೇ ಓದಿ, ನೀವೇ ಅರ್ಥನೂ ಹೇಳಿಬಿಡಿ. ದೊಡ್ಡ ಮನಸ್ಸು ಮಾಡ್ಬೇಕು. ಒಬ್ಬರೇ ಸಾಲದಾ?"

ಮಂದಿರದಲ್ಲಿದ್ದವರೆಲ್ಲ ಅವರ ಟೋಪಿಯನ್ನೇ ನೋಡಿದರು. ಅದು ನೆಟ್ಟಗೇ ಇತ್ತು. ಚಿಕ್ಕಪ್ಪ ಅವರಿಗೆ ಉತ್ತರ ಕೊಡುವ ಮೊದಲು ನನ್ನ ಮುಖ ನೋಡಿದರು. ನನ್ನ ತುಟಿಗಳು ಅಲುಗಾಡುತ್ತಿದ್ದವು. ಅಪ್ಪ ಬಿಟ್ಟುಹೋದ ಆರನೆಯ ಸಾಲು ಅವುಗಳ ಮೇಲಿತ್ತು. ಅವರು ಕೈ ಚಾಚಿ ವ್ಯಾಸಪೀಠವನ್ನು ಪುಸ್ತಕದ ಸಮೇತ ನೆಲದ ಮೇಲೆ ಜಾರಿಸಿ, ನನ್ನ ಮಂಡಿಗೆ ತಾಗುವವರೆಗೂ ತಳ್ಳಿದರು.

"ಆಗೋದಿಲ್ಲ ಉಗ್ರಪ್ಪ" ಎಂದರು. "ನಾನು ಓದೋದಿಲ್ಲ."